ಗುಹೆಯ ಬಾಯಲ್ಲಿ ಮುಲಾಮು

ಗಂಡ ಹೋದ ಮೇಲೆ ನನಗೆ ಕೊಲ್ಲಬೇಕೆನ್ನಿಸಿದ್ದು ಒಬ್ಬನನ್ನು ಮಾತ್ರ. ಅವನ ಹೆಸರು ಮುಲಾಮು.

ಮುಲಾಮು ಬೇರೆ ಯಾರೂ ಅಲ್ಲ, ನನ್ನ ಗಂಡನೇ. ಮಾಟಗಾತಿಯರೂ ಮಾತಾಡುವ ಮರಗಳೂ ಇರುವ ಒಂದು ಕಂಪ್ಯೂಟರ್ ಆಟದಲ್ಲಿ ಅವನು ಇಟ್ಟುಕೊಂಡಿದ್ದ ಹೆಸರು. ಒಬ್ಬರ ಮುಖ ಒಬ್ಬರು ಕಾಣದ ಜನ ಇಂಟರ್ನೆಟ್ಟಿನಲ್ಲಿ ಸೇರಿ, ಪಡೆ ಕಟ್ಟಿಕೊಂಡು, ಮೈಕಿನಲ್ಲಿ ಕೂಗಾಡುತ್ತ ಆಡುವ ಆಟ. ಉಳಿದವರು ಕತ್ತಿಯನ್ನೋ ಬಿಲ್ಲನ್ನೋ ಹಿಡಿಯುತ್ತಿದ್ದರು. ಮುಲಾಮು ಹಸಿರು ನಿಲುವಂಗಿ ತೊಟ್ಟು, ಗಂಟುಗಂಟಾದ ಕೋಲು ಹಿಡಿದು, ಎಲ್ಲರ ಹಿಂದೆ ನಿಂತು, ಗಾಯಗೊಂಡವರನ್ನು ಗುಣಪಡಿಸುತ್ತಿದ್ದ. ಅವನ ಕೆಲಸ ಅಷ್ಟೇ.

ಆ ಆಟಕ್ಕೆ ನಾನು ಒಮ್ಮೆ ಅವಕಾಶ ಕೊಟ್ಟಿದ್ದೆ. ಮದುವೆಯಾದ ಹೊಸತು. ಅವನು ನನಗೂ ಒಂದು ವೇಷ ಹಾಕಿ, ಕೋಟೆಯ ಬಾಗಿಲಲ್ಲಿ ನಿಲ್ಲಿಸಿದ. ಯಾವ ಗುಂಡಿ ಒತ್ತಿದರೆ ಏನೆಂದು ತಿಳಿಯುವ ಮೊದಲೇ ಅಲ್ಲಿ ಮೇಯುತ್ತಿದ್ದ ಬಾತುಕೋಳಿಯೊಂದು ನನ್ನನ್ನು ಕುಕ್ಕಿ ಕೊಂದಿತು. ಅವನ ಪಡೆಯ ಡೋಲು ಎಂಬ ದಪ್ಪ ದನಿಯವನು, "ಅತ್ತಿಗೆ, ನಿಮಗೆ ಒಲೆ ಮುಂದಿನ ಯುದ್ಧನೇ ಸರಿ," ಎಂದ. ಎಲ್ಲರೂ ನಕ್ಕರು. ನನ್ನವನೂ ನಕ್ಕ. ನಾನು ಎದ್ದು ಹೋದೆ. ಮತ್ತೆ ಆ ಕುರ್ಚಿಯಲ್ಲಿ ಕೂರಲಿಲ್ಲ.

ಅವನು ಹೋದ ರಾತ್ರಿ ಆಸ್ಪತ್ರೆಯಿಂದ ಬಂದಾಗ ಕಂಪ್ಯೂಟರ್ ಹಾಗೆಯೇ ಚಾಲೂ ಇತ್ತು. ತೆರೆಯ ಮೇಲೆ ಒಂದು ಗುಹೆಯ ಬಾಯಿ. ಅಲ್ಲಿ ಮುಲಾಮು ಒಬ್ಬನೇ ನಿಂತಿದ್ದ. ಸುಮ್ಮನೆ ನಿಂತಿರಲಿಲ್ಲ. ಉಸಿರಾಡುತ್ತಿದ್ದ. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದ. ಆಗಾಗ ಕುತ್ತಿಗೆ ಕೆರೆದುಕೊಳ್ಳುತ್ತಿದ್ದ. ನಾನು ಗೋಡೆಯಿಂದ ವೈರು ಕಿತ್ತೆ.

ತಿಂಗಳುಗಳು ಕಳೆದವು. ನನಗೆ ಅಳು ಬರಲಿಲ್ಲ. ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಅಲ್ಲಿ ನಾನು ಹತ್ತಿರ ಹೋದರೆ ಜನ ದನಿ ತಗ್ಗಿಸುತ್ತಿದ್ದರು. ನಗುತ್ತಿದ್ದವರು ನಗು ನುಂಗಿಕೊಳ್ಳುತ್ತಿದ್ದರು. "ಪಾಪ, ಎಷ್ಟು ಒಳ್ಳೆಯವರಾಗಿದ್ರು," ಎನ್ನುತ್ತಿದ್ದರು. ಹೋದವರೆಲ್ಲ ಒಳ್ಳೆಯವರೇ. ಸ್ನಾನ ಮಾಡಿದ ಟವಲನ್ನು ಹಾಸಿಗೆಯ ಮೇಲೆ ಎಸೆಯುತ್ತಿದ್ದ, ಕೇಳಿದ್ದಕ್ಕೆ ಅರ್ಧ ಉತ್ತರ ಕೊಡುತ್ತಿದ್ದ ಮನುಷ್ಯ ಯಾರ ಬಾಯಲ್ಲೂ ಉಳಿದಿರಲಿಲ್ಲ.

ಮನೆಯಲ್ಲಿ ಅತ್ತೆ ಇದ್ದರು. ಅವರದು ಬೇರೆ ರಾಗ.

"ಆ ಹಾಳು ಪೆಟ್ಟಿಗೆ ಇನ್ನೂ ಇಟ್ಕೊಂಡಿದ್ದೀಯಾ? ನನ್ನ ಮಗನ್ನ ನುಂಗಿ ನೀರು ಕುಡೀತಲ್ಲೇ ಅದು! ಒಡೆದು ಹಾಕು."

ಅವನು ಹೋದ ಆ ಸಂಜೆ ನಾನು ಪ್ರಯೋಗಾಲಯದಲ್ಲಿದ್ದೆ. ಬೀದಿಯಲ್ಲಿ ಲಾರಿಯವನು ಹಾರ್ನ್ ಹೊಡೆದನಂತೆ, ಬೈಕು ಅಡ್ಡ ನಿಂತಿದೆ ಎಂದು. ಇವನು ಆಟ ಬಿಟ್ಟು ಇಳಿದು ಹೋದ. ಬೈಕು ಸರಿಸಿ ವಾಪಸು ಬರಬೇಕಾದವನು ಬರಲಿಲ್ಲ. ದೊಡ್ಡ ರಸ್ತೆಯ ತಿರುವಿನಲ್ಲಿ ಬಸ್ಸು. ಅಷ್ಟು ದೂರ ಯಾಕೆ ಹೋದ ಎಂದು ಎಲ್ಲರೂ ಕೇಳಿದರು. ಅತ್ತೆ ಒಂದೇ ಉತ್ತರ ಕೊಟ್ಟರು: ಆಟ ಆಡಿ ಆಡಿ ತಲೆ ಕೆಟ್ಟಿತ್ತು. ನನಗೆ ಔಷಧಿ ಅಂಗಡಿಯವನು ಹೇಳಿದ್ದ: "ಅಮ್ಮನ ಮಾತ್ರೆ ತಗೊಂಡು ಹೊರಟ್ರು ಮೇಡಂ. ಬೈಕು ಹೇಗೂ ತೆಗೆದಿದ್ದೀಯಲ್ಲ, ತಗೊಂಡು ಬಾ ಅಂತ ಅಮ್ಮನೇ ಅಂದ್ರಂತೆ." ಇದು ನನಗೆ ಗೊತ್ತಿದೆ ಎಂದು ಅತ್ತೆಗೆ ಗೊತ್ತಿರಲಿಲ್ಲ. ಆ ಮಾತನ್ನು ನಾನು ಒರೆಯಲ್ಲಿಟ್ಟ ಕತ್ತಿಯ ಹಾಗೆ ಇಟ್ಟುಕೊಂಡಿದ್ದೆ. ಅವರು ಆಟವನ್ನು ಬೈದಾಗಲೆಲ್ಲ ಅದರ ಹಿಡಿಯನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ವೈರು ಚುಚ್ಚಿದೆ. ಒಡೆದು ಹಾಕುವುದಕ್ಕಿಂತ ಒಳಗಿರುವವನನ್ನು ಅಳಿಸುವುದು ಸರಿ ಎನ್ನಿಸಿತ್ತು. ಎಲ್ಲೋ ಒಂದು ಕಡೆ ಅವನು ಇನ್ನೂ ಕುತ್ತಿಗೆ ಕೆರೆದುಕೊಳ್ಳುತ್ತ ನಿಂತಿರಬಹುದು ಎಂಬ ಯೋಚನೆ ಚಪ್ಪಲಿಯೊಳಗೆ ಸಿಕ್ಕಿದ ಕಲ್ಲಿನ ಹಾಗೆ ಚುಚ್ಚುತ್ತಿತ್ತು.

ನಿಂತೇ ಇದ್ದ, ಅದೇ ಗುಹೆಯ ಬಾಯಲ್ಲಿ. ಹೆಸರಿನ ಮೇಲೆ ಮಾತ್ರ ಹೊಸದಾಗಿ ಒಂದು ಕೆಂಪು ಪದ ಸೇರಿತ್ತು: ದ್ರೋಹಿ.

ಅಳಿಸು ಎಂದು ಒತ್ತಿದೆ. ಆಗಲಿಲ್ಲ. 'ಪಡೆಗೆ ಪ್ರಮಾಣ ಮಾಡಿದ ಪಾತ್ರ. ನಾಯಕ ಬಿಡುಗಡೆ ಮಾಡಬೇಕು' ಎಂದು ಬಂತು. ಹಿಂದೆಯೇ ಸ್ಪೀಕರಿನಲ್ಲಿ ದನಿಗಳು.

"ಲೋ, ಯಾರು ಬಂದಿದ್ದಾನೆ ನೋಡ್ರೋ!"

"ಮುಲಾಮಾ? ಸುಳ್ಳು!"

"ಅವನೇ. ಗೂಟ ಹೊಡೆದ ಹಾಗೆ ನಿಂತಿದ್ದಾನಲ್ಲ, ಇನ್ಯಾರು?"

"ಬಾರಪ್ಪಾ ಧೀರ! ಯಾವ ಬಿಲದಲ್ಲಿ ಅಡಗಿದ್ದೆ ಇಷ್ಟು ದಿನ?"

ದಪ್ಪ ದನಿ ಡೋಲುವಿನದು. ಪಡೆಯ ಮುಂದೆ ಗುರಾಣಿ ಹಿಡಿಯುವವನು. ಬ್ಲೇಡಿನಂಥ ದನಿಯ ಹೆಂಗಸು ಸೂಜಿ, ಬಿಲ್ಲುಗಾತಿ. ಕೆಮ್ಮಿ ಕೆಮ್ಮಿ ಮಾತಾಡುವವನು ನಾಯಕ, ಸರದಾರ. ಈ ಮೂರು ದನಿಗಳನ್ನು ನಾನು ಗೋಡೆಯಾಚೆಯಿಂದ ಸಾಕಷ್ಟು ಕೇಳಿದ್ದೆ.

ಮೇಜಿನ ಮೇಲೆ ಅವನ ಪುಟ್ಟ ಮೈಕು ಇತ್ತು. ಅದರ ಸ್ವಿಚ್ಚು ಮುಟ್ಟಲಿಲ್ಲ. ಟೈಪು ಮಾಡಿದೆ: 'ಮೈಕು ಕೆಟ್ಟಿದೆ. ದಯವಿಟ್ಟು ನನ್ನನ್ನು ಬಿಡುಗಡೆ ಮಾಡಿ.'

"ಮೈಕಷ್ಟೇ ಅಲ್ಲ, ಮಾನನೂ ಕೆಟ್ಟಿದೆ," ಎಂದಳು ಸೂಜಿ. "ಮಾಡಿ ಅಂತೆ! ದಯವಿಟ್ಟು ಅಂತೆ! ಬಹುವಚನ ಯಾವಾಗ ಕಲಿತ್ಯೋ?"

"ತಪ್ಪು ಮಾಡಿದೋರಿಗೆ ವಿನಯ ಜಾಸ್ತಿ," ಎಂದ ಡೋಲು.

ಸರದಾರ ಕೆಮ್ಮಿದ. "ಬಿಡುಗಡೆ ಬೇಕಾ? ಆವತ್ತು ಇದೇ ಜಾಗದಲ್ಲಿ ಏನ್ ಕೇಳ್ದೆ ನಾನು? 'ಮುಲಾಮು, ಕಲ್ಲುಹಾವಿನ ಮೇಲೆ ನುಗ್ತಾ ಇದ್ದೀವಿ, ಬರ್ತೀಯಾ?' ಅಂದೆ. ನೀನೇನು ಬರೆದೆ? 'ಬರ್ತೀನಿ' ಅಂತ ಬರೆದೆ. ನಿನ್ನ ನಂಬಿ ಒಳಗೆ ಹೋದ್ವಿ. ತಿರುಗಿ ನೋಡಿದ್ರೆ ಸಾಹೇಬರು ಬಾಗಿಲಲ್ಲಿ ನಿಂತು ಕುತ್ತಿಗೆ ಕೆರ್ಕೋತಿದ್ದಾರೆ! ಒಬ್ಬೊಬ್ಬರಾಗಿ ಸತ್ವಿ. ಇಡೀ ಆಟದಲ್ಲಿ ಮೊದಲ ಸಾಲಲ್ಲಿದ್ದ ಪಡೆ, ಈಗ ನಮ್ಮನ್ನ ನಾಯಿನೂ ಮೂಸಲ್ಲ."

ಆ 'ಬರ್ತೀನಿ' ಎಂಬಲ್ಲೇ ನನ್ನ ಕಿವಿ ನಿಂತಿತು.

ಮನೆಯಿಂದ ಹೊರಡುವಾಗ ನಮ್ಮಲ್ಲಿ ಯಾರೂ 'ಹೋಗ್ತೀನಿ' ಎನ್ನುವುದಿಲ್ಲ. ಹೋಗುವವರೂ 'ಬರ್ತೀನಿ' ಎಂದೇ ಹೇಳಿ ಹೋಗುತ್ತಾರೆ. ಕೆಳಗೆ ಲಾರಿಯ ಹಾರ್ನು. ಇವನು ಎದ್ದು ನಿಂತೇ ಬರೆದಿರಬೇಕು. ಸರದಾರನ ಪ್ರಶ್ನೆ ಅವನ ಕಿವಿಗೆ ಬಿದ್ದಿತ್ತೋ ಇಲ್ಲವೋ. ಅವನು ಹೊರಡುತ್ತೇನೆ ಎಂದಿದ್ದ. ಅವರು ಜೊತೆಗೆ ಬರುತ್ತಾನೆ ಎಂದುಕೊಂಡರು.

ನನಗೆ ಮೊದಲು ಬಂದದ್ದು ದುಃಖವಲ್ಲ, ಹೊಟ್ಟೆಕಿಚ್ಚು. ನನಗೆ ಏನೂ ಹೇಳದೆ ಹೋದವನು ಈ ಮೂರು ಕಾಸಿನ ಜನಕ್ಕೆ ಹೇಳಿ ಹೋಗಿದ್ದ.

"ಅದೇ ಗುಹೆ, ಅದೇ ಹಾವು," ಎಂದ ಸರದಾರ. "ನಮ್ಮನ್ನ ಜೀವಂತ ಆಚೆ ತಂದು ಬಿಡು. ಕೆಂಪು ಅಕ್ಷರ ಅಳಿಸ್ತೀನಿ, ಬಿಡುಗಡೆನೂ ಕೊಡ್ತೀನಿ. ಆಮೇಲೆ ಎಲ್ಲಿ ಬೇಕಾದ್ರೂ ಹೋಗಿ ಸಾಯಿ."

ಬೆರಳು ಕೀಲಿಗಳ ಮೇಲಿತ್ತು. ಎರಡು ಪದ ಬರೆದಿದ್ದರೆ ಸಾಕಿತ್ತು: ಅವನು ಸತ್ತಿದ್ದಾನೆ. ದ್ರೋಹಿ ಎಂಬುದು ಅಲ್ಲೇ ಬಿದ್ದುಹೋಗುತ್ತಿತ್ತು.

ಬರೆಯಲಿಲ್ಲ. 'ಆಯ್ತು ಕಣೋ' ಎಂದು ಬರೆದೆ.

ಯಾಕೆಂದು ಗೊತ್ತಾಗಲು ಕೆಲವು ದಿನ ಬೇಕಾಯಿತು. ಕೆಲಸದಿಂದ ಬಂದು ಸಂಜೆ ಆ ಕುರ್ಚಿಯಲ್ಲಿ ಕೂತರೆ ಅವರು ಬಯ್ಯಲು ಶುರುಮಾಡುತ್ತಿದ್ದರು. ಹೇಡಿ, ಸೋಮಾರಿ, ಮಾತಿಗೆ ತಪ್ಪಿದವನು, ಕೈಲಾಗದವನು. "ನಿನ್ನ ಕೈಲಿ ಗುಣ ಆಗೋ ಬದಲು ಹಾವಿನ ಬಾಯಿಗೆ ಬೀಳೋದೇ ವಾಸಿ ಕಣೋ!" ಎನ್ನುತ್ತಿದ್ದರು. ಸತ್ತವರನ್ನು ಯಾರೂ ಹೀಗೆ ಬಯ್ಯುವುದಿಲ್ಲ. ಇಡೀ ಲೋಕದಲ್ಲಿ ಅವನು ಇನ್ನೂ ಬೈಸಿಕೊಳ್ಳುತ್ತಿದ್ದ ಜಾಗ ಅದೊಂದೇ. ಹೇಳಿದರೆ ಅವನ ಹೆಸರಿಗೆ ಮೆತ್ತಿದ ಕೆಸರು ಹೋಗುತ್ತದೆ. ಹೇಳಿದರೆ ಅಲ್ಲಿಯೂ ಅವನು ಸಾಯುತ್ತಾನೆ, ಅಲ್ಲಿಯೂ 'ಪಾಪ' ಶುರುವಾಗುತ್ತದೆ. ನಾನು ಕೆಸರನ್ನೇ ಆರಿಸಿಕೊಂಡೆ. ಅದು ಅವನಿಗೆ ಮಾಡಿದ ನ್ಯಾಯವೇ ಎಂದು ಕೇಳಿಕೊಳ್ಳಲಿಲ್ಲ.

ಗುಣಪಡಿಸುವುದು ನನಗೆ ಬೇಗ ಬಂತು. ಪ್ರಯೋಗಾಲಯದಲ್ಲಿ ನನ್ನ ಅರ್ಧ ದಿನ ಗಾಜಿನ ನಳಿಗೆಯಿಂದ ದ್ರಾವಣವನ್ನು ಹನಿ ಹನಿಯಾಗಿ ಬಿಡುವುದರಲ್ಲಿ ಹೋಗುತ್ತದೆ. ಬಣ್ಣ ತಿರುಗುವ ಹನಿಗೆ ಸರಿಯಾಗಿ ನಿಲ್ಲಿಸಬೇಕು. ಒಂದು ಹನಿ ಹೆಚ್ಚಾದರೆ ಮೊದಲಿನಿಂದ ಮಾಡಬೇಕು. ಇದೂ ಹಾಗೆಯೇ. ಮುಲಾಮುವಿಗೆ ಇರುವ ಶಕ್ತಿ ಇಷ್ಟೇ. ಡೋಲು ಕೂಗಿದ ಕೂಡಲೇ ಸುರಿದರೆ ಸೂಜಿಗೆ ಉಳಿಯುವುದಿಲ್ಲ. ಕೂಗಿಗೆ ಕಿವಿಗೊಡದೆ ಒಬ್ಬೊಬ್ಬರ ಹೆಸರಿನ ಪಕ್ಕದ ಪ್ರಾಣದ ಪಟ್ಟಿಯ ಬಣ್ಣವನ್ನು ಮಾತ್ರ ನೋಡಬೇಕು. ನಾನು ಡೋಲುವನ್ನು ಸಾಯುವ ಅಂಚಿನವರೆಗೂ ಬಿಡುತ್ತಿದ್ದೆ. ಅವನು ಅರಚುವುದು ಕೇಳಲು ಹಿತವಾಗಿತ್ತು.

"ಇವನಿಗೆ ಏನಾಗಿದೆಯೋ! ಪ್ರಾಣ ಬಾಯಿಗೆ ಬಂದ ಮೇಲೆ ಗುಣ ಮಾಡ್ತಾನೆ!"

"ಆದ್ರೂ ಸತ್ತಿಲ್ಲವಲ್ಲ ನೀನು," ಎಂದಳು ಸೂಜಿ. "ಮುಂಚೆ ಎಲ್ಲರಿಗೂ ಕೇಳಿದ್ದಕ್ಕೆಲ್ಲ ಕೊಟ್ಟು ಬರಿಗೈ ಆಗ್ತಿದ್ದ. ಮುಂಚಿಗಿಂತ ಈಗಲೇ ವಾಸಿ ಇವನು."

ಮುಂಚಿಗಿಂತ ಈಗಲೇ ವಾಸಿ. ಆ ಸಂಜೆ ಸೂಜಿಯನ್ನು ಬೇಕೆಂದೇ ಎರಡು ಸಲ ಸಾಯಲು ಬಿಟ್ಟೆ.

ಅತ್ತೆ ಈ ದನಿಗಳನ್ನು ಕೇಳುತ್ತಿದ್ದರು. ನನ್ನ ಕೋಣೆಯ ಬಾಗಿಲ ಮುಂದೆ ಅವರ ಚಪ್ಪಲಿಯ ಸದ್ದು ಬಂದು ನಿಲ್ಲುತ್ತಿತ್ತು, ಆಮೇಲೆ ಹೋಗುತ್ತಿತ್ತು. ಒಮ್ಮೆ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿ, "ಗಂಡನ್ನ ತಿಂದ ಆಟನೇ ಬೇಕಾ ನಿನಗೆ? ನಾಚಿಕೆ ಅನ್ನೋದು ಇಲ್ವಾ?" ಎಂದರು.

"ಆಟ ಏನೂ ತಿಂದಿಲ್ಲ ಅತ್ತೆ."

"ಮತ್ಯಾರು ತಿಂದ್ರು?"

ಕತ್ತಿಯ ಹಿಡಿ ಕೈಗೆ ಸಿಕ್ಕಿತು. ಅವರ ಮುಖ ನೋಡಿದೆ. ಅವರು ಒಲೆಯ ಕಡೆ ತಿರುಗಿದರು.

ಕಲ್ಲುಹಾವಿನ ಗುಹೆಗೆ ಹೊರಟದ್ದು ಮುಂದಿನ ಭಾನುವಾರ ಸಂಜೆ. ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಗುಹೆಯ ಬಾಯಲ್ಲಿ ಸರದಾರ ನಿಂತ.

"ಏನಪ್ಪಾ ಮಹಾನುಭಾವ, ಒಳಗೆ ನುಗ್ತಾ ಇದ್ದೀವಿ. ಈ ಸಲ ಏನಂತೀಯ?"

"ಬರ್ತೀನಿ ಅನ್ನಬೇಡ ಮಾತ್ರ," ಎಂದ ಡೋಲು. "ನಿನ್ನ ಬರ್ತೀನಿ ಕೇಳಿದ್ರೆ ಮೈ ಉರಿಯುತ್ತೆ. ಸುಳ್ಳ ನನ್ನ ಮಗನೆ."

ಬಾಗಿಲು ದಢಾರನೆ ತೆರೆಯಿತು. ಅತ್ತೆ ಒಳಗೆ ಬಂದರು. ಅವನು ಹೋದ ಮೇಲೆ ಅವರು ಆ ಕೋಣೆಗೆ ಕಾಲಿಟ್ಟಿರಲಿಲ್ಲ.

"ಯಾರೇ ಅದು, ನನ್ನ ಮಗನ್ನ ಸುಳ್ಳ ಅಂತಿರೋದು?"

ತೆರೆಯ ಮೇಲೆ ಪಡೆ ಗುಹೆಯೊಳಕ್ಕೆ ನುಗ್ಗಿತು. ನಾನು ಮುಲಾಮುವನ್ನು ಅವರ ಹಿಂದೆ ಓಡಿಸಿದೆ. ಕಣ್ಣು ತೆಗೆಯದೆ ಹೇಳಿದೆ: "ಅವನ ಸ್ನೇಹಿತರು. ಆವತ್ತು 'ಬರ್ತೀನಿ' ಅಂತ ಹೇಳಿ ಎದ್ದು ಹೋದನಂತೆ. ಜೊತೆಗೆ ಬರ್ತಾನೆ ಅಂತ ಇವರು ತಿಳ್ಕೊಂಡರು. ಕೈಕೊಟ್ಟ ಅಂತ ಬೈತಾರೆ. ಅವನು ಇಲ್ಲ ಅಂತ ಇವರಿಗೆ ಗೊತ್ತಿಲ್ಲ."

"ಗೊತ್ತಿಲ್ವಾ? ನೀನು ಹೇಳಿಲ್ವಾ?"

"ಇಲ್ಲ."

"ದಿನಾ ಬೈತಾರಲ್ಲೇ! ದಿನಾ ಕೇಳ್ತೀನಿ ನಾನು. ಬಾಯಿಗೆ ಬಂದ ಹಾಗೆ ಬೈತಾರೆ. ನೀನು ಕೇಳಿಸಿಕೊಂಡು ಕಲ್ಲಿನ ಹಾಗೆ ಕೂತಿದ್ದೀಯಾ?"

"ಹೂಂ."

ಅವರು ನನ್ನನ್ನು ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೂ ಆಗುತ್ತಿತ್ತು. ಹಾವು ಹೆಡೆ ಎತ್ತಿತು. ಸರದಾರ ಕೂಗಿದ, "ಮುಲಾಮು, ಸೂಜಿಗೆ ಗುಣ! ಬೇಗ!" ಒತ್ತಿದೆ.

ಅತ್ತೆಯ ಬೆರಳು ಮೈಕಿನ ಕಡೆ ಚಾಚಿತು. "ಇದರಲ್ಲಿ ಮಾತಾಡಿದ್ರೆ ಅವರಿಗೆ ಕೇಳ್ಸುತ್ತಾ?"

ಕೇಳಿಸುವುದಿಲ್ಲ, ಕೆಟ್ಟಿದೆ ಎನ್ನಬಹುದಿತ್ತು. ಅಷ್ಟು ದಿನ ಎಲ್ಲರಿಗೂ ಅದನ್ನೇ ಹೇಳಿದ್ದೆ. ಆದರೆ ಅವನ ತಾಯಿ ಅವನ ಪರವಾಗಿ ಜಗಳಕ್ಕೆ ಬಂದು ನಿಂತಿದ್ದರು. ನಾನು ಒಂದು ದಿನವೂ ಆ ಕೆಲಸ ಮಾಡಿರಲಿಲ್ಲ. ಸ್ವಿಚ್ಚು ಒತ್ತಿದೆ. ಪುಟ್ಟ ಹಸಿರು ದೀಪ ಹತ್ತಿತು.

"ಏಯ್!" ಎಂದರು ಅತ್ತೆ.

ಗುಹೆಯೊಳಗೆ ಎಲ್ಲರೂ ಬೆಚ್ಚಿದರು. "ಯಾರದು? ಯಾವ ಅಜ್ಜಿ ಬಂತೋ?"

"ಅಜ್ಜಿ ನಿಮ್ಮಪ್ಪಂಗೆ! ನಾನು ಅವನ ತಾಯಿ. ಯಾರೋ ಅದು ನನ್ನ ಮಗನ್ನ ಸುಳ್ಳ ಅಂದೋನು? ಅವನು ಸತ್ತು ಎಷ್ಟು ದಿನ ಆಯ್ತು ಗೊತ್ತೇನೋ ನಿಮಗೆ? ಆವತ್ತೇ ಸತ್ತ. ನಿಮಗೆ ಬರ್ತೀನಿ ಅಂದ ಗಳಿಗೆಯಲ್ಲೇ ಮೆಟ್ಟಿಲಿಳಿದ. ನನಗೂ ಅದೇ ಅಂದ. ಬೈಕು ತೆಗೆದಿದ್ದೀಯಲ್ಲ, ಮಾತ್ರೆ ತಂದ್ಕೊಡು ಅಂದೆ. ನಾನೇ ಅಂದೆ. ಬರ್ತೀನಿ ಅಮ್ಮಾ ಅಂದ. ನಾನು ಹೆತ್ತೋಳು, ನನಗೇ ಬರಲಿಲ್ಲ ಅವನು. ನಿಮಗೆ ಬರಲಿಲ್ಲ ಅಂತ ಬೈತೀರೇನ್ರೋ, ಹಾಳಾದೋರಾ?"

ನನ್ನ ಒರೆಯಲ್ಲಿ ಏನೂ ಉಳಿಯಲಿಲ್ಲ. ಅವರೇ ಕಿತ್ತುಕೊಂಡು ತಮ್ಮ ಎದೆಗೆ ಇಟ್ಟುಕೊಂಡಿದ್ದರು.

ಗುಹೆಯಲ್ಲಿ ಪಡೆಯ ಕತ್ತಿ ಬಿಲ್ಲುಗಳು ನಿಂತವು. ಹಾವು ಮಾತ್ರ ನಿಲ್ಲಲಿಲ್ಲ. ಅದಕ್ಕೆ ಇದೆಲ್ಲ ಗೊತ್ತಾಗುವುದಿಲ್ಲ. ಡೋಲುವಿನ ಹೆಸರಿನ ಪಕ್ಕದ ಪಟ್ಟಿ ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ಇಳಿಯಿತು.

"ಅಮ್ಮಾ," ಎಂದ ಸರದಾರ, ಕೆಮ್ಮುತ್ತ. "ಅಮ್ಮಾ, ನಮಗೆ ಗೊತ್ತಿರಲಿಲ್ಲ... ಲೋ ಡೋಲು, ಹಿಂದೆ ಸರಿಯೋ! ಮುಲಾಮು, ಯಾರೇ ಆಗಿರು, ಗುಣ ಹಾಕು, ಗುಣ!"

"ಏನು ಬಡ್ಕೋತಿದ್ದಾನೆ ಅವನು?" ಅತ್ತೆ ನನ್ನನ್ನು ಕೇಳಿದರು.

"ಸಾಯ್ತಿದ್ದಾರೆ. ಉಳಿಸು ಅಂತಿದ್ದಾನೆ."

"ನಿನ್ನ ಕೈಲಿ ಆಗುತ್ತಾ?"

"ಆಗುತ್ತೆ."

ಅತ್ತೆ ತೆರೆಯನ್ನು ನೋಡಿದರು. ಕನ್ನಡಕ ಹಾಕಿಕೊಂಡಿರಲಿಲ್ಲ. ಅವರಿಗೆ ಕಂಡದ್ದು ಕೆಂಪು ಬಣ್ಣ ಮಾತ್ರವೇ ಇರಬೇಕು.

"ಸಾಯಲಿ," ಎಂದರು.

ನಾನು ಕೀಲಿಗಳಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡೆ. ಮದುವೆಯಾದಂದಿನಿಂದ ನಾವಿಬ್ಬರೂ ಒಪ್ಪಿದ ಮೊದಲ ಮಾತು ಅದು. ಡೋಲು ಬಿದ್ದ. ಸೂಜಿ ಬಿದ್ದಳು. ಸರದಾರ ಸ್ವಲ್ಪ ಹೊತ್ತು ಒಬ್ಬನೇ ಕತ್ತಿ ಬೀಸಿ, ಬಿದ್ದ. ಕೊನೆಗೆ ಹಾವು ಮುಲಾಮುವಿನ ಕಡೆ ತಿರುಗಿತು. ಅವನು ಸುಮ್ಮನೆ ನಿಂತಿದ್ದ. ಅವನಿಗೆ ಹೊಡೆಯಲು ಬರುತ್ತಿರಲಿಲ್ಲ.

ಎಲ್ಲರೂ ಕೋಟೆಯ ಬಾಗಿಲಲ್ಲಿ ಮತ್ತೆ ಎದ್ದರು. ಆ ಆಟದಲ್ಲಿ ಸಾಯುವುದೆಂದರೆ ಅಷ್ಟೇ. ಸೂಜಿ ಮೂಗು ಎಳೆಯುವುದು ಕೇಳಿಸಿತು. ಡೋಲು ದೊಡ್ಡ ದನಿಯಲ್ಲಿ ಅಳುತ್ತಿದ್ದ.

"ಅತ್ತಿಗೆ, ಇಷ್ಟು ದಿನ ಆಡಿದ್ದು ನೀವಾ? ಪಾಪ ಅತ್ತಿಗೆ... ಎಷ್ಟು ಒಳ್ಳೆಯೋನಾಗಿದ್ದ... ಚಿನ್ನದಂಥೋನು..."

'ಪಾಪ' ಬಂತಲ್ಲ ಎಂದುಕೊಂಡೆ. ನಿನ್ನೆ ಹೇಡಿ, ಇವತ್ತು ಚಿನ್ನ.

ಸರದಾರ ಹೇಳಿದ, "ಮೊದಲೇ ಹೇಳಬಾರದಿತ್ತಾ ತಾಯಿ?"

ಈಗ ಮೈಕಿನಲ್ಲಿ ನಾನೇ ಮಾತಾಡಿದೆ. "ಬೈತಾ ಇದ್ರಿ. ಬೈಲಿ ಅಂತ ಬಿಟ್ಟೆ. ಬೇರೆ ಎಲ್ಲೂ ಯಾರೂ ಅವನನ್ನ ಬೈಯಲ್ಲ."

ಅವನಿಗೆ ಅರ್ಥವಾಯಿತೋ ಇಲ್ಲವೋ. ಮುಲಾಮುವಿನ ತಲೆಯ ಮೇಲಿದ್ದ ಕೆಂಪು ಪದ ಹೋಯಿತು. ಪ್ರಮಾಣದಿಂದ ಬಿಡುಗಡೆ ಎಂದು ಬಂತು. ಕೆಳಗೆ ಒಂದು ಪ್ರಶ್ನೆ: ಪಾತ್ರವನ್ನು ಅಳಿಸಬೇಕೆ? ಹೌದು. ಬೇಡ.

"ಇರಲಿ ಅತ್ತಿಗೆ," ಎಂದಳು ಸೂಜಿ. "ಕೋಟೆ ಒಳಗೆ ನಿಲ್ಲಿಸೋಣ. ದಿನಾ ಎಲ್ಲರೂ ಕೈ ಮುಗಿದು ಹೋಗ್ತೀವಿ."

ಇನ್ನೊಂದು ಫೋಟೋ. ನಮ್ಮ ಮನೆಯ ಗೋಡೆಯ ಮೇಲೆ ಒಂದಿತ್ತು, ಸಾಕು. ನಾನು ಹೌದು ಎಂದು ಒತ್ತಿದೆ. ಮುಲಾಮು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದ. ಬದಲಿಸಿ ಮುಗಿಸಲಿಲ್ಲ. ಅವನು ನಿಂತಿದ್ದ ಜಾಗದಲ್ಲಿ ಹುಲ್ಲು ಕಾಣಿಸಿತು. ತೆರೆ ಮೊದಲ ಪುಟಕ್ಕೆ ಹೋಯಿತು. ದನಿಗಳೂ ನಿಂತವು.

"ಏನು ಮಾಡ್ದೆ?"

"ಅಳಿಸಿದೆ."

"ನನ್ನ ಒಂದು ಮಾತು ಕೇಳಬಾರದಿತ್ತಾ?"

"ನೀವೇ ಒಡೆದು ಹಾಕು ಅಂದಿದ್ರಿ."

"ಅಂದಿದ್ದೆ. ಅಂದಿದ್ದನ್ನೆಲ್ಲ ಮಾಡ್ತೀಯಾ ನೀನು? ಬಟ್ಟೆ ಒಣಗಿಸು ಅಂದ್ರೆ ಮೂರು ದಿನ ಬೇಕು ನಿನಗೆ." ಅವರು ಹಾಸಿಗೆಯ ಅಂಚಿನಲ್ಲಿ ಕೂತರು. ಉಸಿರು ಜೋರಾಗಿತ್ತು. "ಮಾತ್ರೆ ವಿಷಯ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಬಾಯಿ ಬಿಡಲಿಲ್ಲ."

"ಸಮಯ ಬರಲಿ ಅಂತ ಇಟ್ಕೊಂಡಿದ್ದೆ."

"ಪಿಶಾಚಿ," ಎಂದರು ಅತ್ತೆ.

ಬಹಳ ದಿನಗಳ ಮೇಲೆ ಒಬ್ಬರು ನನ್ನ ಮುಂದೆ ದನಿ ತಗ್ಗಿಸದೆ ಮಾತಾಡಿದ್ದರು. ಕಂಪ್ಯೂಟರ್ ಆರಿಸಲು ಕೈ ಚಾಚಿದೆ.

"ಇರು," ಎಂದರು. "ಆ ದಪ್ಪ ದನಿಯೋನು, ಕೊನೆಗೆ ಅತ್ತನಲ್ಲ. ಅವನಿಗೆ ಇನ್ನೂ ನಾಲ್ಕು ಮಾತು ಹೇಳೋದಿದೆ ನನಗೆ. ಅಳೋದಕ್ಕೆ ಮುಂಚೆ ಏನೆಲ್ಲ ಅಂದಿದ್ದಾನೆ ಅವನು! ಒಂದೂ ಮರೆತಿಲ್ಲ ನಾನು."

"ಹೊಸ ವೇಷ ಹಾಕಬೇಕು. ಇಲ್ಲದಿದ್ರೆ ಒಳಗೆ ಬಿಡಲ್ಲ."

"ಹಾಕು."

ನಾನು ಹೊಸ ಪಾತ್ರದ ಪುಟ ತೆರೆದೆ. ತೆರೆಯ ಮೇಲೆ ಒಬ್ಬೊಬ್ಬರಾಗಿ ಬಂದು ನಿಂತರು. ಮೊದಲು ಬಂದವಳು ಹಸಿರು ನಿಲುವಂಗಿಯವಳು, ಕೈಯಲ್ಲಿ ಕೋಲು. ಅತ್ತೆ ಕಣ್ಣು ಕಿರಿದು ಮಾಡಿ ಮುಂದಕ್ಕೆ ಬಗ್ಗಿದರು.

"ಇವಳೇನು ಮಾಡ್ತಾಳೆ?"

"ಗಾಯ ವಾಸಿ ಮಾಡ್ತಾಳೆ."

"ಅದೆಲ್ಲ ಬೇಡ," ಎಂದರು ಅತ್ತೆ. "ಹೊಡೆಯೋಳು ಯಾರಿದ್ದಾಳೆ ತೋರಿಸು."